ತಾಯಲೂರಿನ ಮನೆ ತೋರಿಸಿದ ಡ್ರಿಲ್ ಮೇಷ್ಟ್ರು

ಮೊದಲೇ ಹೇಳಿಬಿಡುತ್ತೇನೆ, ಡ್ರಿಲ್ ಮೇಷ್ಟ್ರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ‘ಹೊಟ್ಟೆಕಿಚ್ಚು ಇತ್ತು’ ಎಂದು ಬರೆಯಬೇಕೇನೋ, ಅವರು ಈ ಸಲದ ಮಾವಿನ ಸುಗ್ಗಿಯಲ್ಲಿ ತೀರಿಕೊಂಡರು. ಆದರೆ ಕಳೆದ ತಿಂಗಳು ಬೆಂಗಳೂರಿನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ದಸರಾ ರಜೆಯ ನಮ್ಮ ಹಳೇ ಮನೆ ಸುತ್ತಾಟಕ್ಕೆ ಮನೆಮಂದಿಯೆಲ್ಲ ಬರುತ್ತೇವೆ ಎಂದು ಹೇಳಿ, ಕೊನೆಯಲ್ಲಿ, "ಆ ಸೀಟಿ ಊದೋ ಮೇಷ್ಟ್ರು ಇರ್ತಾರಲ್ವಾ ಸರ್?" ಎಂದು ಕೇಳಿದರು. ಇಲ್ಲಮ್ಮ, ತೀರಿಹೋದರು ಎಂದೆ. "ಅಯ್ಯೋ ಪಾಪ. ಹಾಗಾದ್ರೆ ಮನೇಲಿ ಕೇಳಿ ಹೇಳ್ತೀನಿ" ಎಂದರು. ಮತ್ತೆ ಫೋನ್ ಬರಲಿಲ್ಲ. ಸತ್ತವರ ಮೇಲೆ ಹೊಟ್ಟೆ ಉರಿದುಕೊಳ್ಳಬಾರದು, ನಿಜ. ಆದರೆ ಸತ್ತವರೂ ಸ್ವಲ್ಪ ಸುಮ್ಮನಿರಬೇಕಲ್ಲ.

ನಾವಿಬ್ಬರೂ ಶ್ರೀನಿವಾಸಪುರದ ಒಂದೇ ಹೈಸ್ಕೂಲಿನಲ್ಲಿ ಮೇಷ್ಟ್ರುಗಳಾಗಿದ್ದೆವು. ನನ್ನದು ಇತಿಹಾಸ, ಅವರದು ಪಿ.ಟಿ. ಡ್ರಿಲ್ ಮೇಷ್ಟ್ರು ಅಂದರೆ ಎದೆ ಉಬ್ಬಿಸಿಕೊಂಡ ಎತ್ತರದ ಆಳು ಎಂದುಕೊಂಡರೆ ತಪ್ಪಾದೀತು. ಅವರು ಗಿಡ್ಡ. ಷರಟಿನ ಕೆಳಗಿನ ಗುಂಡಿ ಬಿಗಿಯುವಷ್ಟು ಹೊಟ್ಟೆ. ಅವರು ಓಡಿದ್ದನ್ನು ನಾನಂತೂ ನೋಡಿಲ್ಲ. ಮೈದಾನದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಕಡಲೆಕಾಯಿ ಸುಲಿಯುತ್ತ ಕೂತು, ಆಗಾಗ ಸೀಟಿ ಊದುತ್ತಿದ್ದರು. ಅಷ್ಟಕ್ಕೇ ಇಡೀ ಮೈದಾನ ಓಡುತ್ತಿತ್ತು. ಬಿಳಿ ಕ್ಯಾನ್‌ವಾಸ್ ಶೂಗೆ ಬಳಿದುಕೊಳ್ಳಲು ನನ್ನ ಕ್ಲಾಸಿನಿಂದಲೇ ಸೀಮೆಸುಣ್ಣ ಎತ್ತಿಕೊಂಡು ಹೋಗುತ್ತಿದ್ದರು. "ಹಿಸ್ಟ್ರಿ ಸಾರ್, ನೀವು ಬೋರ್ಡ್ ಮೇಲೆ ಬರೆದಿದ್ದು ಬೆಲ್ ಹೊಡೆದ ತಕ್ಷಣ ಅಳಿಸಿಬಿಡ್ತಾರೆ. ನನ್ ಶೂ ಮೇಲಾದ್ರೆ ಸಾಯಂಕಾಲದವರೆಗೂ ಇರ್ತೈತೆ, ಅಂತೇ ಕದಾ?" ಎನ್ನುತ್ತಿದ್ದರು. ರಾಯಲ್ಪಾಡಿನ ಕಡೆಯವರು, ಮನೆಮಾತು ತೆಲುಗು. ‘ಅಂತೇ ಕದಾ, ಅಷ್ಟೇ ತಾನೇ’ ಎಂದು ಅವರು ಕೇಳಿದರೆಂದರೆ ವಾದ ಅಲ್ಲಿಗೆ ಮುಗಿಯಿತು. ಎದುರಿನವರು ತಲೆಯಾಡಿಸುವುದೊಂದೇ ಬಾಕಿ.

ನಿವೃತ್ತರಾದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಬೆಳಗಿನ ಕಾಫಿಗೆ ಸೇರುತ್ತಿದ್ದೆವು. ನಮ್ಮ ಹಳೇ ವಿದ್ಯಾರ್ಥಿಗಳು ಎದುರಾಗುತ್ತಿದ್ದರು. ಮಾವಿನ ಮಂಡಿ ಇಟ್ಟವರು, ಟೊಮ್ಯಾಟೊ ಲಾರಿ ಓಡಿಸುವವರು, ವೇಮಗಲ್ಲಿನ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದವರು. ಬೈಕು ನಿಲ್ಲಿಸಿ ಓಡಿಬಂದು ಅವರ ಕಾಲು ಮುಟ್ಟುತ್ತಿದ್ದರು. "ಸಾರ್, ನೀವು ಬಾರಿಸಿದ ಏಟು ಇನ್ನೂ ಜ್ಞಾಪಕ ಐತೆ" ಎಂದು ಅದನ್ನೇ ಪದಕದ ಹಾಗೆ ಹೇಳಿಕೊಳ್ಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಹಣೆ ಉಜ್ಜಿಕೊಂಡು, "ಸಾರ್, ನೀವು ಮ್ಯಾಥ್ಸ್ ಅಲ್ವಾ?" ಎನ್ನುತ್ತಿದ್ದರು. ಒಬ್ಬನಿಗೂ ನಾನು ಒಂದೇಟು ಹೊಡೆದವನಲ್ಲ. ನೋಟ್ಸ್ ಬರೆಸಿದ್ದೆ. ಪಾಸು ಮಾಡಿಸಿದ್ದೆ.

ಅದಕ್ಕೇ ಈ ಮನುಷ್ಯನ ಕೈ ತಾಗದ ಒಂದು ಕೆಲಸ ನನಗೇ ಅಂತ ಇರಲಿ ಎಂದು ಹಳೇ ಮನೆಗಳ ಹಿಂದೆ ಬಿದ್ದೆ. ನಮ್ಮ ಕಡೆ ಒಂದೊಂದಾಗಿ ತೊಟ್ಟಿ ಮನೆಗಳು ಉರುಳುತ್ತಿದ್ದವು. ಇವತ್ತು ಕಂಬ ಇದ್ದ ಜಾಗದಲ್ಲಿ ಮುಂದಿನ ವರ್ಷ ಶಟರ್ ಹಾಕಿದ ಮಳಿಗೆ. ಕೋಲಾರದ ಒಬ್ಬ ವಕೀಲೆ, ಮಾಲೂರಿನ ಒಬ್ಬ ರಿಟೈರ್ಡ್ ಇಂಜಿನಿಯರು ಮತ್ತು ನಾನು ಸೇರಿ, ಉಳಿದ ಮನೆಗಳನ್ನಾದರೂ ಜನ ನೋಡಲಿ, ನೋಡುವವರು ಬಂದರೆ ಮನೆಯವರಿಗೂ ಕೆಡವಲು ಮನಸ್ಸು ಬರಲಿಕ್ಕಿಲ್ಲ ಎಂದು ದಸರಾ ರಜೆಯಲ್ಲಿ ಒಂದು ದಿನದ ಸುತ್ತಾಟ ಶುರು ಮಾಡಿದೆವು. ಬೆಳಿಗ್ಗೆ ಮಾಲೂರು, ಆಮೇಲೆ ಕೋಲಾರದ ಪೇಟೆ, ಮುಳಬಾಗಿಲಿನಲ್ಲಿ ದೋಸೆ, ಸಂಜೆಗೆ ಶ್ರೀನಿವಾಸಪುರ. ಒಂದು ಮಿನಿ ಬಸ್ಸು. ವಿವರ ಹೇಳುವವನು ನಾನು.

ಆದರೆ ನನ್ನ ಮನಸ್ಸಿನಲ್ಲಿದ್ದ ಮನೆಯೇ ಬೇರೆ. ತಾಯಲೂರಿನಲ್ಲಿರುವ ನನ್ನ ಅಮ್ಮನ ತವರುಮನೆ. ಬೇಸಿಗೆ ರಜೆಯೆಲ್ಲ ನಾನು ಬೆಳೆದದ್ದು ಅಲ್ಲಿ. ತಾತ ಕಟ್ಟಿಸಿದ ತೊಟ್ಟಿ, ಸುತ್ತ ಕರಿಮರದ ಕಂಬಗಳು, ಕಂಬದ ತಲೆಯ ಮೇಲಿನ ಬೋದಿಗೆಯಲ್ಲಿ ಕೆತ್ತಿದ ಗಿಣಿಗಳು. ಮೂರು ತಲೆಮಾರಿನ ಕೈ ಬೆನ್ನು ಉಜ್ಜಿ ಆ ಕಂಬಗಳಿಗೆ ಎಣ್ಣೆ ಹಚ್ಚಿದಂಥ ಹೊಳಪು ಬಂದಿತ್ತು. ಆ ತೊಟ್ಟಿಯಲ್ಲಿ ನಿಂತು, ಒಂದು ಬಸ್ ಜನಕ್ಕೆ, ಇದು ನಮ್ಮ ತಾತ ಕಟ್ಟಿಸಿದ ಮನೆ ಎಂದು ನಾನೇ ಹೇಳಬೇಕು. ಇಷ್ಟೇ ನನ್ನ ಆಸೆ. ಉಳಿದ ಮನೆಗಳನ್ನೆಲ್ಲ ನಾನು ತೋರಿಸಿದ್ದು ಅದಕ್ಕೆ ತಯಾರಿ ಅಂತಲೇ.

ಮನೆ ಈಗ ನನ್ನ ಸೋದರಮಾವನ ಮಗನದು. ನನಗಿಂತ ಸ್ವಲ್ಪ ದೊಡ್ಡವನು, ನಾನು ಭಾವ ಎಂದೇ ಕರೆಯುವುದು. ರೇಷ್ಮೆ ಬೆಳೆಯುತ್ತಾನೆ. ಪಡಸಾಲೆಯ ತುಂಬ ಹುಳದ ತಟ್ಟೆಗಳು. ಹುಳ ಸಾಕುವ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ರೋಗ ತಾಗುತ್ತದೆ ಎಂದು ಒಂದು ಭಯ, ಕಣ್ಣು ತಾಗುತ್ತದೆ ಎಂದು ಇನ್ನೊಂದು. ನಾನು ಹೋದಾಗಲೆಲ್ಲ ಪರಂಪರೆ, ವಾಸ್ತುಶಿಲ್ಪ ಎಂದು ಕಂಠಶೋಷಣೆ ಮಾಡಿಕೊಳ್ಳುತ್ತಿದ್ದೆ. ಅವನು ಕೇಳಿದಷ್ಟು ಕೇಳಿ, "ಹುಳ ತಟ್ಟೆ ಮೇಲವೆ ಕಣೋ, ಈಗ ಬೇಡ" ಎಂದು ಸೊಪ್ಪು ಹಾಕಲು ಎದ್ದುಹೋಗುತ್ತಿದ್ದ. ಯಾವಾಗ ಹೋದರೂ ಹುಳ ತಟ್ಟೆಯ ಮೇಲೆಯೇ.

ಇತ್ತ ಡ್ರಿಲ್ ಮೇಷ್ಟ್ರು ಎರಡನೇ ವರ್ಷದ ಸುತ್ತಾಟಕ್ಕೆ ಬಂದರು. ಬರೀ ಪ್ರಯಾಣಿಕರಾಗಿ. "ಮನೇಲಿ ಕೂತು ಬೇಜಾರು ಸಾರ್, ಹಿಂದಿನ ಸೀಟಲ್ಲಿ ಕೂತಿರ್ತೀನಿ" ಎಂದರು. ಕೋಲಾರದ ಪೇಟೆಯ ಮನೆಯಲ್ಲಿ ನಾನು ಛಾವಣಿಯ ಜಂತಿಗಳ ಬಗ್ಗೆ ಹೇಳುತ್ತಿದ್ದೆ. ಜನ ಕತ್ತು ಎತ್ತಿ ಎತ್ತಿ ಸುಸ್ತಾಗಿ ಮೊಬೈಲು ನೋಡಲು ಶುರುಮಾಡಿದ್ದರು. ಇದ್ದಕ್ಕಿದ್ದಂತೆ ಹಿಂದಿನಿಂದ ಸೀಟಿ. ಎಲ್ಲರೂ ಬೆಚ್ಚಿ ತಿರುಗಿದರು. ಈ ಮಹರಾಯರು ಪಡಸಾಲೆಯ ನೆಲದ ಮೇಲೆ ಅಂಗಾತ ಮಲಗಿದ್ದರು. "ಎಲ್ರೂ ಹಿಂಗೇ ಮಲಗಿ. ಈ ಮನೇಲಿ ಮಧ್ಯಾಹ್ನ ಉಂಡಮೇಲೆ ಎಲ್ರೂ ಇಲ್ಲೇ ಬೀಳ್ತಿದ್ದಿದ್ದು. ನಿಂತ್ಕೊಂಡು ನೋಡಿದ್ರೆ ಈ ಮನೆ ಗೊತ್ತಾಗಲ್ಲ, ಮಲಗೇ ನೋಡ್ಬೇಕು!" ಬ್ಯಾಂಕಿನವರು, ಡಾಕ್ಟರು, ರೇಷ್ಮೆ ಸೀರೆ ಉಟ್ಟ ನಮ್ಮ ವಕೀಲೆ ಸಮೇತ ಎಲ್ಲರೂ ಮಲಗಿದರು. ನೆಲದ ತಂಪು, ಮೇಲಿನ ಬೆಳಕಿಂಡಿಯಿಂದ ಬೀಳುತ್ತಿದ್ದ ಬಿಸಿಲು. ಯಾರೋ ಒಬ್ಬರು ನಿಜವಾಗಿಯೂ ಗೊರಕೆ ಹೊಡೆದರು. ಕೈಯಲ್ಲಿ ಹಾಳೆಗಳನ್ನು ಹಿಡಿದು ನಿಂತಿದ್ದವನು ನಾನೊಬ್ಬನೇ.

ಆವತ್ತಿನಿಂದ ಬಸ್ಸು ಅವರದಾಯಿತು. ನಾನು ಇಸವಿ ಹೇಳುತ್ತಿದ್ದೆ, ಅವರು ಜನರನ್ನು ಜಗಲಿಯ ಮೇಲೆ ಕೂರಿಸಿ ಕಾಲು ಆಡಿಸಲು ಹೇಳುತ್ತಿದ್ದರು. ನಾನು ಗಾರೆಯ ವಿಷಯ ಹೇಳುತ್ತಿದ್ದೆ, ಅವರು ಒರಳುಕಲ್ಲಿನ ಮುಂದೆ ಒಬ್ಬ ಗಂಡಸನ್ನು ಕೂರಿಸಿ ರುಬ್ಬಿಸುತ್ತಿದ್ದರು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಅವರು ಹೇಳುತ್ತಿದ್ದ ಕತೆಗಳು. ಅಷ್ಟೂ ಸುಳ್ಳು! ಮಾಲೂರಿನಲ್ಲಿ ಹೆಂಚಿನ ವ್ಯಾಪಾರ ಮಾಡಿದ ಒಂದು ಕುಟುಂಬದ ಮನೆಯಿದೆ, ಅಷ್ಟೇನೂ ಹಳೆಯದಲ್ಲ. ಅದರ ಅಟ್ಟ ತೋರಿಸಿ, ಪಾಳೇಗಾರನ ಹೆಂಡತಿಯೊಬ್ಬಳು ಗಂಡನ ಮೇಲೆ ಮುನಿಸಿಕೊಂಡು ಬಂದು ಇಲ್ಲೇ ಅಡಗಿದ್ದಳು ಎಂದುಬಿಟ್ಟರು. ನಾನು ಎಲ್ಲರೆದುರೇ ತಿದ್ದಿದೆ. ಪಾಳೇಗಾರರ ಕಾಲಕ್ಕೆ ಈ ಮನೆಯ ಒಂದು ಹೆಂಚೂ ಸುಟ್ಟಿರಲಿಲ್ಲ ಎಂದೆ. ಅವರು ಸ್ವಲ್ಪವೂ ಮುಖ ಕೆಡಿಸಿಕೊಳ್ಳಲಿಲ್ಲ. "ಹಿಸ್ಟ್ರಿ ಸಾರ್ ಹೇಳಿದ್ದೇ ಸರಿ. ನಾನು ಹೇಳಿದ್ದು ಚೆನ್ನಾಗೈತೆ, ಅಷ್ಟೇ" ಎಂದರು. ಜನ ಚಪ್ಪಾಳೆ ಹೊಡೆದರು. ಮುಂದಿನ ವರ್ಷ ಹೋದಾಗ ಆ ಮನೆಯ ಯಜಮಾನರೇ ಅಟ್ಟದ ಏಣಿ ಒರೆಸಿ ಇಟ್ಟುಕೊಂಡು, ಪಾಳೇಗಾರನ ಹೆಂಡತಿಯ ಕತೆಯನ್ನು ನಮಗೇ ಹೇಳಿದರು. ಅದಕ್ಕೆ ಒಂದು ಮಗುವನ್ನೂ ಸೇರಿಸಿದ್ದರು.

ನನ್ನ ಹೆಂಡತಿಯೂ ಅವರ ಪಕ್ಷವೇ. ಬಾಗಿಲಲ್ಲಿ ನಿಂತು, "ಅಕ್ಕಾ, ಏನ್ ಘಮ ಇದು, ಬೀದಿ ಕೊನೆ ತನಕ ಬರ್ತೈತೆ" ಎಂದರೆ ಸಾಕು, ಹಿತಕಿದಬೇಳೆ ಸಾರು ಮೊದಲು ಅವರ ತಟ್ಟೆಗೆ. ಅದೇ ಸಾರನ್ನು ಮದುವೆಯಾದಂದಿನಿಂದ ನಾನೂ ಉಣ್ಣುತ್ತಿದ್ದೇನೆ. ಉಣ್ಣುವುದೇ ಹೊಗಳಿಕೆಯಲ್ಲವೇ? ಅಲ್ಲವಂತೆ. ಒಂದು ದಿನ ಅವರು ಎದ್ದುಹೋದ ಮೇಲೆ ಅವಳು ತಟ್ಟೆ ತೆಗೆಯುತ್ತ, "ಪಾಪ, ಹೈಸ್ಕೂಲಿಗೆ ಓದೋಕೆ ಸೇರೋ ತನಕ ಚಿಲಕ ಇರೋ ಬಾಗಿಲಿನ ಮನೇಲಿ ಮಲಗಿದ್ದೇ ಇಲ್ವಂತೆ ಕಣ್ರೀ" ಎಂದಳು. ಅವರ ತಂದೆ ಮಾವಿನ ತೋಪು ಕಾಯುವವರಂತೆ. ಈ ಸುಗ್ಗಿಗೆ ಈ ತೋಪು, ಮುಂದಿನ ಸುಗ್ಗಿಗೆ ಇನ್ನೊಂದು. ಎಲ್ಲಿ ಕಾಯಿ ಇದೆಯೋ ಅಲ್ಲಿ ಗುಡಿಸಲು. ಇಷ್ಟು ಕಾಲ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತ ನನಗೆ ಇದು ಗೊತ್ತಿರಲಿಲ್ಲ. ಬಾಗಿಲಲ್ಲಿ ಬಂದು ನಿಂತು ಹೋಗುವವರ ಬಾಲ್ಯ ನನ್ನ ಹೆಂಡತಿಗೆ ಗೊತ್ತಿತ್ತು. ಅವರ ಮೇಲೆ ಕನಿಕರ ಬಂತು, ನಿಜ. ಆದರೆ ನನಗೆ ಹೇಳದೆ ಇವಳಿಗೆ ಹೇಳಿದರಲ್ಲ ಎಂದು ಅದಕ್ಕಿಂತ ಮೊದಲೇ ಕೋಪ ಬಂದಿತ್ತು.

ಆಮೇಲೆ ತಾಯಲೂರು. ಭಾವನ ಮನೆಗೆ ಒಂದು ಮದುವೆಯ ಪತ್ರಿಕೆ ಕೊಡಲು ಹೊರಟಾಗ ಜೊತೆಗಿರಲಿ ಎಂದು ನಾನೇ ಅವರನ್ನು ಕರೆದುಕೊಂಡು ಹೋದೆ. ಹುಳ ಹಣ್ಣಾದ ದಿನ. ಹಣ್ಣಾದ ಹುಳವನ್ನು ಹೊತ್ತು ಮೀರದಂತೆ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಮನೆಯವರೆಲ್ಲ ಕೈ ಬಿಡುವಿಲ್ಲದೆ ಕೂತಿದ್ದರು. ನಾನು ಪತ್ರಿಕೆ ಕೊಟ್ಟು ಜಗಲಿಯ ಮೇಲೆ ಕೂತೆ. ಅವರು ಶೂ ಬಿಚ್ಚಿ, ಬಾಗಿಲಲ್ಲಿಟ್ಟಿದ್ದ ಔಷಧಿ ನೀರಿನಲ್ಲಿ ಕಾಲು ಅದ್ದಿ, ಕೈ ತೊಳೆದು, ಸೀದಾ ಹೋಗಿ ತಟ್ಟೆಯ ಮುಂದೆ ಕೂತರು. ಹುಳ ಎತ್ತಲು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಬರುತ್ತಿರಲಿಲ್ಲ. ಭಾವನ ಹೆಂಡತಿ ನಗುತ್ತ, "ಅಯ್ಯೋ ಮೇಷ್ಟ್ರೇ, ಹಿಸುಕ್ಬೇಡಿ, ಮಗು ಬೆರಳು ಹಿಡ್ಕೊಂಡಂಗೆ ಹಿಡೀರಿ" ಎಂದು ಹೇಳಿಕೊಟ್ಟಳು. ಹೊತ್ತು ಇಳಿಯುವ ತನಕ ಕೂತು ಕಲಿತರು. ಮುದ್ದೆ ಉಂಡರು. ಹೊರಡುವಾಗ ಭಾವ ಬಸ್‌ಸ್ಟಾಪಿನ ತನಕ ಬಂದು, "ಮೇಷ್ಟ್ರೇ, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ್ಮೇಲೆ ಮನೆ ಖಾಲಿ ಇರ್ತೈತೆ. ದಸರಾಗೆ ನಿಮ್ಮ ಜನಾನ ಕರ್ಕೊಂಡ್ ಬನ್ನಿ" ಎಂದ. ನಿಮ್ಮ ಜನ! ರಕ್ತಸಂಬಂಧಿ ನಾನು ಅವನ ಪಕ್ಕದಲ್ಲೇ ಛತ್ರಿ ಹಿಡಿದು ನಿಂತಿದ್ದೆ.

ಇರಲಿ, ಮನೆಯಂತೂ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಬಸ್ಸಿನಲ್ಲಿ ಮುಳಬಾಗಿಲಿನಿಂದಲೇ ಹೇಳುತ್ತ ಬಂದೆ, ಮುಂದಿನ ಮನೆಯಲ್ಲಿ ಮಾತೆಲ್ಲ ನನ್ನದು, ಅದು ನಮ್ಮ ತಾತನ ಮನೆ ಎಂದು. ಡ್ರಿಲ್ ಮೇಷ್ಟ್ರು, "ಖಂಡಿತ ಸಾರ್, ನಿಮ್ಮನೇಲಿ ನಾನ್ಯಾರು ಮಾತಾಡೋಕೆ" ಎಂದು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ತಾಯಲೂರಿನಲ್ಲಿ ಎಲ್ಲರಿಗಿಂತ ಮೊದಲು ಇಳಿದು ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟೆ. ಕಾಲು ಅಲ್ಲೇ ನಿಂತಿತು.

ಕಂಬಗಳೆಲ್ಲ ಆಕಾಶ ನೀಲಿ. ಫಳಫಳ ಹೊಳೆಯುವ ಆಯಿಲ್ ಪೇಂಟ್. ಬೋದಿಗೆಯ ಗಿಣಿಗಳಿಗೆ ಹಸಿರು ಮೈ, ಕೆಂಪು ಕೊಕ್ಕು. ಬಾಗಿಲುವಾಡಕ್ಕೆ ಅರಿಶಿನದಂಥ ಹಳದಿ. ಭಾವ ಬಿಳಿ ಪಂಚೆ ಉಟ್ಟು ನಗುತ್ತ ನಿಂತಿದ್ದ. ಅವನ ಹೆಂಡತಿ ಕುಂಕುಮದ ತಟ್ಟೆ ಹಿಡಿದು ಬಾಗಿಲಿಗೆ ಬರುತ್ತಿದ್ದಳು. ನನಗೆ ಅವರ್ಯಾರೂ ಕಾಣಲಿಲ್ಲ. "ಯಾರು ಹೇಳಿದ್ದು ಬಣ್ಣ ಬಳೀರಿ ಅಂತ? ಬುದ್ಧಿ ಐತಾ ನಿಮ್ಗೆ? ಹಾಳು ಮಾಡಿಬಿಟ್ರಲ್ಲೋ ಮನೇನ!" ಎಂದು ಕೂಗಿದೆ. ನನ್ನ ದನಿ ಬಸ್ಸಿನ ತನಕ ಕೇಳಿಸಿತಂತೆ.

ಭಾವನ ಹೆಂಡತಿ ನಿಂತಲ್ಲೇ ನಿಂತಳು. "ಜನ ಬರ್ತಾರೆ ಅಂತ ಹೊಡ್ಸಿದ್ವಿ ಅಣ್ಣಾ. ಗೌರಿ ಹಬ್ಬಕ್ಕೂ ಹೊಡ್ಸಿರ್ಲಿಲ್ಲ" ಎಂದಳು. ಭಾವನ ಮುಖ ಬಿಗಿಯಿತು. "ನಿಮ್ಮ ಓದಿದೋರಿಗೆ ಹಳೇ ಕೊಳೆನೇ ಬೇಕಂತ ನಮ್ಗೇನ್ ಗೊತ್ತಪ್ಪ? ಬೇಡ ಬಿಡು. ಬಸ್ಸು ತಿರುಗಿಸ್ಕೊಂಡು ಹೋಗು" ಎಂದು ಬಾಗಿಲಿಗೆ ಕೈ ಹಾಕಿದ. ನಾನು ಕಾಯುತ್ತ ಬಂದ ಮನೆ ನನ್ನ ಕಣ್ಣೆದುರೇ, ನನ್ನ ಬಾಯಿಂದಲೇ ಮುಚ್ಚಿಹೋಗುತ್ತಿತ್ತು.

ಆಗ ಡ್ರಿಲ್ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಕಂಬಕ್ಕೆ ಒಂದು ಬೆರಳು ತಾಗಿಸಿದರು. ಬೆರಳು ನೀಲಿಯಾಯಿತು. ಅದನ್ನು ಮೇಲೆತ್ತಿ ಎಲ್ಲರಿಗೂ ತೋರಿಸಿದರು. "ನೋಡಿ, ಇನ್ನೂ ಹಸಿ ಐತೆ, ಯಾರೂ ಒರಗಬೇಡಿ. ನಿಮ್ಮ ಮನೆಗೆ ಬೀಗರು ಬಂದ್ರೂ ಕಸ ಗುಡಿಸ್ತೀರಿ ಅಷ್ಟೇ ತಾನೇ? ಮುಖ ನೋಡದೆ ಇರೋ ನಮ್ಗೆ ಇವ್ರು ಮನೆನೇ ಹೊಸದು ಮಾಡವ್ರೆ. ನನ್ಗಂತೂ ಈ ವಯಸ್ಸಿನ ತನಕ ಯಾರೂ ಇಷ್ಟು ಮರ್ಯಾದೆ ಕೊಟ್ಟಿಲ್ಲ." ಹೇಳಿದವರೇ ಭಾವನ ಹೆಂಡತಿಯ ಮುಂದೆ ಹಣೆ ಚಾಚಿ, "ಇಡಮ್ಮಾ ಕುಂಕುಮ" ಎಂದರು. ಅವಳ ಕಣ್ಣಲ್ಲಿ ನೀರಿತ್ತು. ಅವರ ಹಿಂದೆ ಬಸ್ಸಿನವರೆಲ್ಲ ಸಾಲಾಗಿ ಬಂದು ಕುಂಕುಮ ಇಡಿಸಿಕೊಂಡರು. ಭಾವ ಬಾಗಿಲಿನಿಂದ ಕೈ ತೆಗೆದ.

ಆಮೇಲೆ ಅಲ್ಲಿ ಇತಿಹಾಸ ಹೇಳುವ ಮುಖ ನನಗೆಲ್ಲಿತ್ತು? ಅವರೇ ಹೇಳಿದರು. ಎಂದಿನಂತೆ ಸುಳ್ಳು. ನಮ್ಮ ತಾತ ಈ ಕಂಬಗಳನ್ನು ಒಬ್ಬರೇ ಹೆಗಲ ಮೇಲೆ ಹೊತ್ತು ತಂದರು ಎಂದರು. ಗಾಡಿಯಲ್ಲಿ ಬಂದದ್ದೆಂದು ನನಗೆ ಗೊತ್ತು. ಕೊನೆಗೆ ಉಗ್ರಾಣದ ಬಾಗಿಲಿಗೆ ಬಂದು, ದನಿ ತಗ್ಗಿಸಿ, "ನಮ್ಮ ಹಿಸ್ಟ್ರಿ ಸಾರ್ ಹುಟ್ಟಿದ್ದು ಈ ಕೋಣೇಲಿ" ಎಂದುಬಿಟ್ಟರು. ನಾನು ಹುಟ್ಟಿದ್ದು ಮುಳಬಾಗಿಲಿನ ಆಸ್ಪತ್ರೆಯಲ್ಲಿ. ಬಾಯಿ ತೆರೆದೆ. ಅಷ್ಟರಲ್ಲಿ ಭಾವ ನನ್ನ ಕಡೆ ತಿರುಗಿ, ಬೈಸಿಕೊಂಡದ್ದನ್ನು ಮರೆತವನಂತೆ, "ಬಾರೋ, ನಿಂತ್ಕೋ ಅಲ್ಲಿ, ಫೋಟೋ ತೆಗೀತಾರಂತೆ" ಎಂದು ಕೈ ಹಿಡಿದು ನಿಲ್ಲಿಸಿದ. ರಾಗಿ ಮೂಟೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ. ನನ್ನ ತಾತನ ಮನೆಯಲ್ಲಿ ನನಗೊಂದು ಜಾಗ ಮಾಡಿಕೊಟ್ಟದ್ದು ಅವರ ಸುಳ್ಳು. ಅವರಿಗೆ ಥ್ಯಾಂಕ್ಸ್ ಹೇಳಬೇಕೋ ಜಗಳ ತೆಗೆಯಬೇಕೋ ತಿಳಿಯದೆ ವಾಪಸು ಬರುವಾಗ ಬಸ್ಸಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ.

ಅಂದಿನಿಂದ ನಮ್ಮ ಬಳಗದಲ್ಲಿ ಒಂದು ನಿಯಮವಾಯಿತು. ಸುತ್ತಾಟಕ್ಕೆ ತಿಂಗಳ ಮೊದಲೇ ಪ್ರತಿ ಮನೆಗೂ ಹೋಗಿ, ದಯವಿಟ್ಟು ಬಣ್ಣ ಹೊಡೆಸಬೇಡಿ ಎಂದು ಕೇಳಿಕೊಳ್ಳುವುದು. ಕೇಳಿದರೆ ಮನೆಯವರಿಗೆ ಬೇಸರ. ನೆಂಟರು ಬರುವಾಗ ಹಳೇ ಸೀರೆಯಲ್ಲೇ ಇರು ಎಂದ ಹಾಗೆ ಅವರಿಗೆ. ಆ ಮಾತು ಹೇಳಿಯೂ ಕಾಫಿ ಕುಡಿದು ಬರುವುದು ಒಬ್ಬರಿಗೆ ಮಾತ್ರ ಸಾಧ್ಯವಾಗುತ್ತಿತ್ತು. ಯಾರೆಂದು ಬೇರೆ ಹೇಳಬೇಕಿಲ್ಲ.

ನಾನು ಮುನಿಸಿಕೊಂಡು ಬಹಳ ದಿನ ತಾಯಲೂರಿನ ಕಡೆ ತಲೆ ಹಾಕಲಿಲ್ಲ. ಮುಂದಿನ ದಸರಾಕ್ಕೆ ಹೋದಾಗ ನೋಡುತ್ತೇನೆ, ತೊಟ್ಟಿಯ ಕಂಬಗಳು ಮತ್ತೆ ಕಪ್ಪಗಿವೆ. ಮೊದಲಿನ ಹೊಳಪಿಲ್ಲ, ಅಲ್ಲಲ್ಲಿ ಗೀರು. ಆದರೂ ಮರ ಮರದ ಹಾಗೆ ಕಾಣುತ್ತಿತ್ತು. ಡ್ರಿಲ್ ಮೇಷ್ಟ್ರು ಒಂದು ಬೆಳೆ ಮುಗಿದು ಇನ್ನೊಂದು ಬೆಳೆಗೆ ಹುಳ ತರುವ ನಡುವಿನ ಬಿಡುವಿನಲ್ಲೆಲ್ಲ ಬಸ್ಸು ಹತ್ತಿ ಬಂದು, ತಲೆಗೆ ಟವೆಲು ಕಟ್ಟಿಕೊಂಡು, ಭಾವನ ಜೊತೆ ಕೂತು ಬಣ್ಣ ಕೆರೆದಿದ್ದರು. ಗಿಣಿಗಳನ್ನು ಮಾತ್ರ ಮುಟ್ಟಿರಲಿಲ್ಲ. "ಪಾಪೂಗೆ ಬೇಕಂತೆ ಸಾರ್, ಅತ್ತುಬಿಡ್ತು" ಎಂದು ಭಾವನ ಮೊಮ್ಮಗಳನ್ನು ತೋರಿಸಿದರು. ಹಾಗೆ ಕೆರೆಯುವುದು ಕ್ರಮವಲ್ಲ, ಮರದ ಮೇಲ್ಪದರ ಹೋಗುತ್ತದೆ ಎಂದು ನಾನು ಹೇಳಿದೆ. ನಿಜವನ್ನೇ ಹೇಳಿದೆ. "ಅಂತೇ ಕದಾ ಸಾರ್, ನೀವು ಬಂದಿದ್ರೆ ಸರಿಯಾಗಿ ಮಾಡಬಹುದಿತ್ತು" ಎಂದರು. ಚುಚ್ಚಲು ಹೇಳಿದ್ದಲ್ಲ. ಅವರಿಗೆ ಚುಚ್ಚಲು ಬರುತ್ತಿರಲಿಲ್ಲ, ಅದೇ ನನಗೆ ತಡೆಯಲಾಗುತ್ತಿರಲಿಲ್ಲ.

ಈ ವರ್ಷ ಮಾವು ಇಳಿಯುವ ಕಾಲಕ್ಕೆ ಅವರು ಹೋದರು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಶೂ ಬಿಚ್ಚಲು ಕೂತವರು ಮೇಲೇಳಲಿಲ್ಲವಂತೆ. ಸುಗ್ಗಿಯ ದಿನ, ಮಂಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು. ಆದರೂ ಹರಾಜು ನಿಲ್ಲಿಸಿ ಹಳೇ ಹುಡುಗರು ಬಂದರು. ರಸ್ತೆಯ ಎರಡೂ ಕಡೆ ಲಾರಿಗಳು ನಿಂತವು. ದಪ್ಪ ಮೀಸೆಯ ಗಂಡಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾನೂ ಅತ್ತೆ. ಅಳುತ್ತಲೇ, ನಾನು ಹೋದ ದಿನ ಇದರಲ್ಲಿ ಎಷ್ಟು ಜನ ಬಂದಾರು ಎಂದು ಸುತ್ತ ಕಣ್ಣಾಡಿಸಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿಗೆ ಹೇಗೋ ಗೊತ್ತಾಗಿ ಸೆರಗಿನ ಮರೆಯಲ್ಲೇ ತಿವಿದಳು.

ಮೊನ್ನೆ ದಸರಾ ರಜೆಯಲ್ಲಿ ಸುತ್ತಾಟ ನಡೆಯಿತು. ಬಸ್ಸು ತುಂಬಲಿಲ್ಲ, ಆದರೂ ನಡೆಯಿತು. ಮಾತೆಲ್ಲ ನನ್ನದೇ. ಅಡ್ಡ ಬರುವವರಿಲ್ಲ, ಸೀಟಿ ಇಲ್ಲ, ಪಾಳೇಗಾರನ ಹೆಂಡತಿಯಿಲ್ಲ. ತಾಯಲೂರಿನ ತೊಟ್ಟಿಯಲ್ಲಿ ನಿಂತು, ಇಷ್ಟು ವರ್ಷ ಕಾದಿಟ್ಟುಕೊಂಡಿದ್ದನ್ನೆಲ್ಲ ಹೇಳಿದೆ. ಇದು ನಮ್ಮ ತಾತ ಕಟ್ಟಿಸಿದ ಮನೆ, ಕಂಬದ ಮರ ಇಂಥ ಕಡೆಯಿಂದ ಗಾಡಿಯಲ್ಲಿ ಬಂತು, ಕೆತ್ತಿದವರು ಇಂಥ ಊರಿನವರು. ಒಂದೂ ತಪ್ಪಿಲ್ಲ. ಜನ ಮರ್ಯಾದೆಯಿಂದ ಕೇಳಿದರು. ಭಾವ ಕೈಕಟ್ಟಿ ನಿಂತು ಕೇಳಿದ. ಹೇಳುತ್ತ ಹೇಳುತ್ತ ನನಗೇ ನನ್ನ ದನಿ ಯಾವುದೋ ಕ್ಲಾಸ್ ರೂಮಿನಿಂದ ಬರುತ್ತಿರುವಂತೆ ಅನ್ನಿಸಿತು.

ಆಗ ಗೋಡೆ ನೋಡಿದೆ. ಪಡಸಾಲೆಯ ಗೋಡೆಯಲ್ಲಿ ಆ ಮನೆಯ ಹಿರಿಯರ ಫೋಟೋಗಳಿವೆ. ತಾತ, ಅಜ್ಜಿ, ಮಾವ, ಅತ್ತೆ. ನನ್ನ ಅಮ್ಮನದಿಲ್ಲ. ಕೊಟ್ಟ ಹೆಣ್ಣುಮಕ್ಕಳ ಫೋಟೋ ಗಂಡನ ಮನೆಯ ಗೋಡೆಗೆ ಸೇರಿದ್ದು, ನಮ್ಮ ಕಡೆ ಹಾಗೇ. ಆ ಸಾಲಿನಲ್ಲಿ, ತಾತನ ಪಕ್ಕಕ್ಕೆ, ಹೊಸ ಕಟ್ಟು ಹಾಕಿಸಿದ ಒಂದು ಫೋಟೋ. ತಲೆಗೆ ಟವೆಲು ಕಟ್ಟಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಡ್ರಿಲ್ ಮೇಷ್ಟ್ರು ನಗುತ್ತಿದ್ದರು. ಗಂಧದ ಹಾರ, ಹಣೆ ಇದ್ದಲ್ಲಿ ಗಾಜಿನ ಮೇಲೆ ಕುಂಕುಮ. ನನ್ನ ಅಮ್ಮನಿಗೆ ಸಿಗದ ಗೋಡೆ ಅದು. ಎದೆಯಲ್ಲಿ ಉರಿ ಎದ್ದಿತು. ಮುಚ್ಚಿಡುವುದೇಕೆ, ಅದು ಹಳೆಯ ಉರಿಯೇ.

ನಾನು ನೋಡುತ್ತಿರುವುದನ್ನು ಭಾವ ನೋಡಿದ. ಏನಾದರೂ ಅಂದುಬಿಡುತ್ತೇನೇನೋ ಎಂದು ಅವನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲೇ ನಿಂತಳು. ಅಷ್ಟರಲ್ಲಿ ಬಂದವರಲ್ಲಿ ಒಬ್ಬ ಹೆಂಗಸು ಆ ಫೋಟೋ ತೋರಿಸಿ, "ಇವರು ಯಾರು ಸರ್? ಈ ಮನೆಯ ಹಿರಿಯರಾ?" ಎಂದು ಕೇಳಿದಳು.

ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು. ಊರು ರಾಯಲ್ಪಾಡು, ಕೆಲಸ ಪಿ.ಟಿ. ಮೇಷ್ಟ್ರು, ಈ ಮನೆಗೂ ಅವರಿಗೂ ರಕ್ತಸಂಬಂಧವಿಲ್ಲ.

"ಹೌದಮ್ಮ, ಈ ಮನೆಯವರೇ" ಎಂದೆ.

"ಮತ್ತೆ ನೀವು ಅವರಿಗೆ ಏನಾಗಬೇಕು ಸರ್?"

"ನಾನಾ?" ಎಂದೆ. "ನಾನು ಮನೆ ತೋರಿಸೋಕೆ ಬಂದವನು."